ಕೊನೆಮನೆಯ ಕೂಗು

ನಮ್ಮೂರಿನಲ್ಲಿ ನೀರು ಹಗ್ಗ ಹತ್ತಿ ಬರುತ್ತದೆ. ಊರು ಬಂಡೆಯ ನೆತ್ತಿಯಲ್ಲಿದೆ, ನೀರು ಕೆಳಗೆ ಕೊಳ್ಳದ ಮಡುವಿನಲ್ಲಿದೆ. ಪುಂಡಿ ನಾರಿನಲ್ಲಿ ಹೊಸೆದ ತೋಳುಗಾತ್ರದ ಹಗ್ಗವೊಂದು ಆ ಮಡುವಿನಲ್ಲಿ ತಲೆ ಅದ್ದಿಕೊಂಡು, ಬಂಡೆಯ ಮೈಗುಂಟ ಏರಿ, ಊರ ಅಗಸೆಬಾಗಿಲು ದಾಟಿ, ಬೀದಿಯ ಕಲ್ಲುಕಂಬಗಳ ಮೇಲೆ ಹಾಯ್ದು, ಪ್ರತಿ ಮನೆಯ ಮುಂದೆ ಒಂದು ಗೊಂಡೆ ಇಳಿಬಿಟ್ಟುಕೊಂಡು ಕೊನೆಕೇರಿಯ ತನಕ ಬಂದಿದೆ. ನೀರು ಅದರ ಒಳಹುರಿ ಹಿಡಿದು ಇರುವೆಸಾಲಿನಂತೆ ಅವಸರವಿಲ್ಲದೆ ಏರುತ್ತದೆ. ಗೊಂಡೆಯ ಕೆಳಗೆ ಕೊಡ ಇಟ್ಟರೆ ತುಂಬುತ್ತದೆ. ಹೊರಗಿನಿಂದ ಬಂದವರು ಇದು ಹೇಗೆ ಎಂದು ಕೇಳಿದರೆ ಅವರ ಕೈಗೆ ಒಂದು ತಂಬಿಗೆ ನೀರು ಕೊಡುತ್ತೇವೆ. ಕುಡಿದ ಮೇಲೆ ಸಾಮಾನ್ಯವಾಗಿ ಯಾರೂ ಮತ್ತೆ ಕೇಳುವುದಿಲ್ಲ. ಶಿವ ಕೊಟ್ಟದ್ದನ್ನು ಹೇಗೆ ಕೊಟ್ಟೆ ಎಂದು ವಿಚಾರಿಸುವುದು ನಮ್ಮ ಮಂದಿಗೆ ಒಗ್ಗುವುದಿಲ್ಲ.

ಆದರೆ ಶಿವ ನೀರು ಕೊಟ್ಟನೇ ಹೊರತು ಹಗ್ಗ ಕೊಡಲಿಲ್ಲ. ಅದನ್ನು ನಾವೇ ಹೊಸೆಯಬೇಕು. ಬಿಸಿಲು ತಿಂದಲ್ಲಿ, ಮಂಗ ಜೋತುಬಿದ್ದಲ್ಲಿ, ಬಂಡೆಯ ಏಣು ತಿಕ್ಕಿದಲ್ಲಿ ಹುರಿ ಸವೆಯುತ್ತದೆ. ಸವೆದದ್ದನ್ನು ಬಿಚ್ಚಿ ಹೊಸ ಹುರಿ ಕೂಡಿಸುವುದಕ್ಕೆ ನಾವು ತೇಪೆ ಎನ್ನುತ್ತೇವೆ. ತೇಪೆಯನ್ನು ಯಾರು ಬೇಕಾದರೂ ಹೊಸೆಯಬಹುದು. ಇಂಥ ಮನೆತನದ್ದು, ಇಂಥವರ ಹಕ್ಕು ಎಂಬುದಿಲ್ಲ. ಕೂಲಿಯೂ ಇಲ್ಲ. ಊರ ನಡುವಿನ ಹುರಿಕಟ್ಟೆಗೆ ಬಂದು ಕೂತು, ತೊಡೆಯ ಮೇಲೆ ನಾರು ಹೊಸೆದು, ಇನ್ನೊಬ್ಬರ ಕೈಗೆ ಕೊಡಬೇಕು. ಅವರು ಅದನ್ನು ಎಳೆದು, ತಿರುಚಿ, ಬಿಚ್ಚಲು ನೋಡುತ್ತಾರೆ. ಬಿಚ್ಚಿಕೊಳ್ಳದಿದ್ದರೆ ಹಗ್ಗಕ್ಕೆ ಸೇರುತ್ತದೆ. ಕಲಿಯಬೇಕೆಂದು ಬೇರೆ ಊರಿನವರು ಬಂದರೆ ಅವರಿಗೂ ಕಲಿಸುತ್ತೇವೆ. ಗಾಳಿ ಬೆಳಕನ್ನು ಬಚ್ಚಿಟ್ಟುಕೊಂಡವರು ಯಾರಿದ್ದಾರೆ.

ಇನ್ನೊಂದು ಕಟ್ಟಳೆಯಿದೆ. ಹೊಸ ತೇಪೆ ಸೇರಿದ ದಿನ, ನೀರು ಕೊನೆಮನೆಗೆ ಮುಟ್ಟುವ ತನಕ ಯಾರೂ ಗೊಂಡೆಯ ಕೆಳಗೆ ಕೊಡ ಇಡುವ ಹಾಗಿಲ್ಲ. ಇಟ್ಟ ಕೊಡ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ತೇಪೆ ಸಡಿಲಾಗಿದ್ದರೂ ಮೇಲಿನ ಮನೆಗಳಿಗೆ ಗೊತ್ತಾಗುವುದಿಲ್ಲ, ಕೊನೆಯವರು ಒಣಗುತ್ತಾರೆ. ಅದಕ್ಕೆ ಎಲ್ಲರೂ ಬರಿಗೊಡ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಾರೆ. ಕೊನೆಮನೆಯವನು ಗೊಂಡೆಯ ಕೆಳಗೆ ಅಂಗೈ ಒಡ್ಡಿ ನಿಂತಿರುತ್ತಾನೆ. ಹನಿ ಬಿದ್ದು, ಕೊಡದ ತಳ ಮುಚ್ಚಿದ ಮೇಲೆ ‘ಬಂತು’ ಎನ್ನುತ್ತಾನೆ. ಪಕ್ಕದ ಮನೆಯವರು ಅದನ್ನೇ ಕೂಗುತ್ತಾರೆ, ಅವರ ಪಕ್ಕದವರು ಮತ್ತೆ. ಹೀಗೆ ಬಾಗಿಲಿಂದ ಬಾಗಿಲಿಗೆ ಏರಿದ ಕೂಗು ಅಗಸೆ ಮುಟ್ಟಿದಾಗ ಊರಿನ ಕೊಡಗಳೆಲ್ಲ ಒಮ್ಮೆಗೇ ನೆಲಕ್ಕಿಳಿಯುತ್ತವೆ. ಕೊನೆಮನೆಯವನು ಬಾಯಿ ಬಿಡಲಿಲ್ಲವೋ, ತೇಪೆ ಬಿಚ್ಚಿ ಮತ್ತೆ ಹೊಸೆಯಬೇಕು. ಹಾಗೆ ಬಿಚ್ಚಿಸಿದವನನ್ನು ಯಾಕಪ್ಪಾ ಎಂದು ಯಾರೂ ಕೇಳಿದ್ದಿಲ್ಲ. ಅವನ ಕೊಡದೊಳಗೆ ಇಣುಕಿ ನೋಡಿದ್ದೂ ಇಲ್ಲ.

ಆ ಕೊನೆಮನೆ ನಮ್ಮದು. ನನ್ನ ಹೆಸರು ಶಿವಪುತ್ರ. ನನ್ನ ಕೈಗೆ ಹುರಿ ಒಲಿಯಲಿಲ್ಲ, ಹೊಸೆದದ್ದೆಲ್ಲ ಹಾವಿನ ಪೊರೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಅಪ್ಪ, ಅಜ್ಜ ನಿಂತು ಕೂಗಿದ ಬಾಗಿಲಲ್ಲಿ ನಿಂತು ಕೂಗುವುದಷ್ಟೇ ನನ್ನ ಪಾಲಿಗೆ ಬಂದ ಸೇವೆ. ಬಿದ್ದ ನೀರಿನ ಮೊದಲ ತಂಬಿಗೆ ದೇವರ ಜಗಲಿಗೆ ಹೋಗುತ್ತದೆ, ಆಮೇಲೆ ಒಲೆಗೆ. ಈ ಒಂದು ಮಾತಿಗಾಗಿ ಶಿವ ನನ್ನನ್ನು ಈ ಬಾಗಿಲಲ್ಲಿ ನಿಲ್ಲಿಸಿದ್ದಾನೆ ಎಂದು ನಂಬಿ ಬಾಳಿದವನು ನಾನು.

ಹುರಿಕಟ್ಟೆಯ ಹಿರಿಯಳು ಹಾಲವ್ವ. ಅವಳನ್ನು ಯಾರೂ ಆರಿಸಿ ಕೂರಿಸಿದ್ದಲ್ಲ. ಉಳಿದವರು ಎದ್ದು ಹೋದ ಮೇಲೂ ಕೂತಿರುತ್ತಿದ್ದಳು, ಹಾಗಾಗಿ ಹಿರಿಯಳಾದಳು. ಯಾರ ತೇಪೆ ಬಂದರೂ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಇನ್ನೊಂದು ತುದಿ ಎಳೆದು ನೋಡುವಳು. “ಇದೇನ್ ಹುರಿಯೋ, ನಿಮ್ಮತ್ತಿ ತುರುಬೋ? ಬಿಚ್ಚು, ಮತ್ತ ಹೊಸಿ,” ಎನ್ನುವಳು. ಬೈಸಿಕೊಂಡವರು ನಗುತ್ತ ಬಿಚ್ಚುತ್ತಿದ್ದರು. ಒಂದೆಳೆ ನಾರು ಮುಟ್ಟದವರೂ ಅವಳ ಹತ್ತಿರ ಬರುತ್ತಿದ್ದರು. “ಯಕ್ಕಾ, ಇವತ್ತ ನೀರು ಸಣ್ಣಗ ಬರಾಕತ್ತೈತಿ,” ಎಂದು ದೂರುವರು. “ಹೌದೇನಪಾ? ಬಾ, ಕೂಡು, ಇಬ್ಬರೂ ಕೂಡಿ ದಪ್ಪ ಮಾಡೂಣು,” ಎಂದರೆ ಅವರಿಗೆ ಹೊಲದಲ್ಲಿ ಕೆಲಸ ನೆನಪಾಗುತ್ತಿತ್ತು. ಹಾಲವ್ವನ ಗಂಡ ಗೂಳಪ್ಪ ಕೊಳ್ಳದ ಏಣಿನಲ್ಲಿ ತೇಪೆ ಕಟ್ಟುವಾಗ ಜಾರಿ ಬಿದ್ದು ನಡು ಮುರಿದುಕೊಂಡಿದ್ದ. ಅಂದಿನಿಂದ ಹಾಸಿಗೆಯಲ್ಲೇ. ಬಿದ್ದ ವಾರ ಊರೆಲ್ಲ ಬಂದು ನೋಡಿತು, ರೊಟ್ಟಿ ಪಲ್ಯ ತಂದು ಕೊಟ್ಟಿತು. ಆಮೇಲೆ ಊರಿಗೆ ಊರಿನ ಕೆಲಸ.

ಹೀಗಿರುವಾಗ ಕಂಪನಿ ಬಂತು. ಗುಡ್ಡದಾಚೆ ಬಟ್ಟೆಗೆ ಬಣ್ಣ ಹಾಕುವ ಕಂಪನಿ. ಅವರ ಕಡೆಯ ಇಬ್ಬರು ಹಿಂದೊಮ್ಮೆ ನಮ್ಮೂರಿಗೆ ಬಂದು, ನಮ್ಮ ಜೊತೆ ಉಂಡು, ಹುರಿ ಹೊಸೆಯಲು ಕಲಿತು ಹೋಗಿದ್ದರು. ಆ ಕಲಿಕೆಯಿಂದ ಅಲ್ಲಿಯೂ ಹಗ್ಗ ಹತ್ತಿ ನೀರು ಬರುತ್ತಿತ್ತಂತೆ. ಈಗ ಬಂದವರು ಪ್ರಭಂಜನರಾಯರು. ಬಿಳಿ ಅಂಗಿ, ಮೆಲುದನಿ. ಹುರಿಕಟ್ಟೆಯ ಬುಡದಲ್ಲಿ ಚಪ್ಪಲಿ ಬಿಟ್ಟು, ಕಲ್ಲಿಗೆ ಕೈಮುಗಿದು, ಆಮೇಲೆ ಕೂತರು.

“ನಿಮ್ಮ ಹುರಿಯಿಂದ ನಮ್ಮ ಕಾರ್ಖಾನೆ ನಡೆಯುತ್ತಿದೆ. ಆ ಋಣ ನಮಗೆ ಗೊತ್ತು,” ಎಂದರು. “ಇಲ್ಲಿ ನಾರು ನಾವು ಕಳಿಸುತ್ತೇವೆ. ಬಿಸಿಲಿಗೆ ಒಂದು ಚಪ್ಪರ ಹಾಕಿಸುತ್ತೇವೆ. ಹಾಲವ್ವನವರು ಇಷ್ಟು ವರ್ಷ ಬರಿಗೈಲಿ ದುಡಿದಿದ್ದಾರೆ, ಅವರಿಗೆ ತಿಂಗಳ ಸಂಬಳ ಕೊಡುತ್ತೇವೆ.”

“ನಿಮಗೇನ್ ಬೇಕು?” ಎಂದು ಸೋಮಲಿಂಗ ಕೇಳಿದ. ಅವನು ಮೇಲಿನಕೇರಿಯವನು, ಗಾಣ ಹಾಕುವವನು. ಕೊಟ್ಟವರ ಮುಖಕ್ಕಿಂತ ಕೈ ನೋಡುವವನು.

“ನಮಗೇನೂ ಬೇಡ.”

“ಏನೂ ಬ್ಯಾಡ ಅನ್ನೋರು ಅಷ್ಟ್ ದೂರದಿಂದ ಬರೂದಿಲ್ರೀ.”

ರಾಯರು ನಕ್ಕರು. “ನಿಮ್ಮ ಹಗ್ಗ ಚೆನ್ನಾಗಿದ್ದರೆ ನಮ್ಮ ಹಗ್ಗವೂ ಚೆನ್ನಾಗಿರುತ್ತದೆ. ನಮ್ಮದು ಕೆಟ್ಟರೆ ಇಲ್ಲಿಗೇ ಬಂದು ಕೇಳಬೇಕಲ್ಲವೇ?”

ಮಾತು ಸರಿಯಾಗಿಯೇ ಇತ್ತು. ಅಷ್ಟು ಸರಿಯಾಗಿದ್ದರಿಂದಲೇ ನಮಗೆ ನಿದ್ದೆ ಬರಲಿಲ್ಲ. ಮೊದಲ ನಾರು ಬಂದಾಗ ಸೋಮಲಿಂಗ ಒಂದು ಹಿಡಿ ಒಯ್ದು ತನ್ನ ಹಂಡೆಯಲ್ಲಿ ನೆನೆಹಾಕಿ ನೀರು ಕಹಿಯಾಗುವುದೋ ಎಂದು ದಿನಾ ನೆಕ್ಕಿ ನೋಡಿದ. ಇನ್ನೊಬ್ಬರು ಸುಟ್ಟು ಹೊಗೆಯ ವಾಸನೆ ನೋಡಿದರು. ನನ್ನ ಹೆಂಡತಿ ಕಾಶವ್ವ ಒಂದೆಳೆಯನ್ನು ಮೇಕೆಯ ಮುಂದೆ ಹಿಡಿದಳು. ಅದು ತಿಂದು ಇನ್ನಷ್ಟು ಬೇಕೆಂದು ಸೆರಗು ಎಳೆಯಿತು. ನಾರು ಒಳ್ಳೆಯದಿತ್ತು. ನಾವು ಬೆಳೆದದ್ದಕ್ಕಿಂತ ಒಳ್ಳೆಯದಿತ್ತು.

ಹಾಲವ್ವ ಸಂಬಳ ಒಪ್ಪಿಕೊಂಡಳು. ಗೂಳಪ್ಪನಿಗೆ ಔಷಧ ಬಂತು, ಮಂಚ ಬಂತು. ಹುರಿಕಟ್ಟೆಗೆ ಬರುವವರು ಮಾತ್ರ ಕಡಿಮೆಯಾದರು. “ಸಂಬಳ ಎಣಿಸ್ಕೊಳ್ಳೋರು ಹೊಸೀಲಿ, ನಮಗೇನ್ ಬಿಟ್ಟಿ ಬಿದ್ದೈತೇನು,” ಎನ್ನತೊಡಗಿದರು. ನಿನ್ನೆಯ ತನಕ ಬಿಟ್ಟಿ ಎಂಬ ಮಾತೇ ಆ ಕಟ್ಟೆಯ ಮೇಲೆ ಹುಟ್ಟಿರಲಿಲ್ಲ. ಚಪ್ಪರದ ನೆರಳಿನಲ್ಲಿ ಹಾಲವ್ವ ಒಬ್ಬಳೇ ಕೂರುವಂತಾಯಿತು. ಆಮೇಲೆ ಅವಳಿಗೆ ಕೈನೆರವು ಎಂದು ಕಾರ್ಖಾನೆಯಿಂದ ಇಬ್ಬರು ಬಂದರು. ಅವರು ಬೇಗ ಹೊಸೆಯುತ್ತಿದ್ದರು, ಒಬ್ಬರ ತೇಪೆಯನ್ನು ಇನ್ನೊಬ್ಬರು ಎಳೆದು ನೋಡುತ್ತಿದ್ದರು. ಬೈಗುಳ ಇರಲಿಲ್ಲ, ನಗುವೂ ಇರಲಿಲ್ಲ.

ನಾನೂ ಸುಮ್ಮನಿರಲಿಲ್ಲ. ದಾರಿಯಲ್ಲಿ ಹೋಗುವವನ ಹಾಗೆ ಕಟ್ಟೆಯ ಹತ್ತಿರ ನಿಂತು ಹಾಲವ್ವನ ಕೈ ನೋಡುತ್ತಿದ್ದೆ. ಒಂದು ದಿನ ಅವಳು ತಲೆಯೆತ್ತದೆ ಹೇಳಿದಳು, “ಏನಣ್ಣಾ, ಪುಕ್ಕಟೆ ಹೊಸೆದಾಗ ಒಮ್ಮೆನೂ ನನ್ನ ಕೈ ನೋಡ್ಲಿಲ್ಲ. ಈಗ ದಿನಾ ದರ್ಶನಕ್ಕ ಬರಾಕತ್ತೀಯಲ್ಲ.”

“ಹಂಗಲ್ಲ, ತಂಗಿ.”

“ಹಂಗಽ ಐತಿ. ಇರ್ಲಿ. ನೋಡು.”

ದೇವರ ಮುಂದೆ ಕೂತರೂ ಅನುಮಾನ ಪಕ್ಕದಲ್ಲಿ ಬಂದು ಕೂರುತ್ತಿತ್ತು. ಕಣ್ಣು ಮುಚ್ಚಿದರೆ ಲಿಂಗದ ಬದಲು ರಾಯರು ಬಿಟ್ಟ ಚಪ್ಪಲಿ ಕಾಣುತ್ತಿತ್ತು, ಜೋಡಿಯಾಗಿ, ಅಂದವಾಗಿ. ಕೇಡು ಕಾಣುತ್ತಿಲ್ಲವಲ್ಲ ಎಂಬುದೇ ನನ್ನ ಕೊರಗಾಗಿತ್ತು. ಶಿವನೇ, ಇದು ನನ್ನೊಳಗಿನ ಕಸವೋ ಹೊರಗಿನದೋ ತೋರಿಸು ಎಂದು ಬೇಡಿಕೊಳ್ಳುತ್ತಿದ್ದೆ.

ಮರುವರ್ಷ ರಾಯರು ಒಂದು ಮಾತು ಕೇಳಿದರು. ನನ್ನ ಮನೆಯಾಚೆ ಹಾಸುಬಂಡೆ ಖಾಲಿ ಬಿದ್ದಿತ್ತು. ಅಲ್ಲಿ ನಾರು ಇಡಲು ಒಂದು ಗೋದಾಮು ಕಟ್ಟಿಕೊಳ್ಳುವುದು, ಕಾವಲಿನವನ ಕುಡಿಯುವ ನೀರಿಗೆ ಹಗ್ಗವನ್ನು ಅಲ್ಲಿಯ ತನಕ ಬೆಳೆಸಿ ಒಂದು ಗೊಂಡೆ ಬಿಡುವುದು. ಹುರಿ ಅವರದೇ, ಕಂಬ ಅವರದೇ.

ಹುರಿಕಟ್ಟೆಯ ಮೇಲೆ ಊರು ಕೂಡಿತು. ಎಷ್ಟು ನೀರು ಎಳೆಯುತ್ತಾರೆ ಎಂಬುದೇ ಎಲ್ಲರ ಪ್ರಶ್ನೆ. ಒಂದೇ ಕೊಡ ಎಂದರು ರಾಯರು. ಸೋಮಲಿಂಗ ಆ ಕೊಡ ತರಿಸಿ, ತನ್ನ ಮನೆಯ ಕೊಡದ ಪಕ್ಕ ಇಟ್ಟು, ನೀರು ಸುರಿದು ಅಳತೆ ನೋಡಿದ. “ನಮ್ಮದಕ್ಕಿಂತ ಸಣ್ಣದೈತಿ,” ಎಂದು ಒಪ್ಪಿದ. ಗೊಂಡೆಯ ದಪ್ಪ ನೋಡಿದರು, ಕಾವಲಿನವನ ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದರು. ಊರಿಗೆ ಊರೇ ನೀರನ್ನು ಅಳೆಯಿತು. ನಾನೂ ಅಳೆದೆ. ಹಾಲವ್ವನೇ ನನ್ನ ಗೊಂಡೆಯ ಮುಂದಕ್ಕೆ ಹುರಿ ಕೂಡಿಸಿ ಹಗ್ಗವನ್ನು ಗೋದಾಮಿಗೆ ಮುಟ್ಟಿಸಿದಳು.

ಆ ದಿನ ಎಂದಿನಂತೆ ಮಡಿಯುಟ್ಟು, ಕೊಡ ಹಿಡಿದು, ಅಂಗೈ ಒಡ್ಡಿ ನಿಂತೆ. ಹನಿ ಬಿತ್ತು. ಕೊಡದ ತಳ ಮುಚ್ಚಿತು. ಉಸಿರೆಳೆದು ಬಾಯಿ ತೆರೆದೆ. ತೆರೆದ ಬಾಯಿ ಹಾಗೆಯೇ ನಿಂತಿತು. ನನ್ನ ತಲೆಯ ಮೇಲಿನ ಹಗ್ಗ ಕಪ್ಪಾಗುತ್ತ, ಒದ್ದೆಯಾಗುತ್ತ ಮುಂದೆ ಹೋಗುತ್ತಿತ್ತು. ಬೆನ್ನ ಹಿಂದಿನಿಂದ, ಹಾಸುಬಂಡೆಯ ಮೇಲಿಂದ, ಯಾರೋ ಗೊತ್ತಿಲ್ಲದ ಗಂಟಲು “ಬಂತು” ಎಂದು ಕೂಗಿತು. ಪಕ್ಕದ ಮನೆಯವರು ನನ್ನನ್ನು ನೋಡಿದರು. ಕಟ್ಟಳೆ ಕಟ್ಟಳೆಯೇ. ನಾನೂ ತಲೆತಗ್ಗಿಸಿ ಆ ಕೂಗನ್ನೇ ಕೂಗಿ ಅವರಿಗೆ ದಾಟಿಸಿದೆ. ಊರಿನ ಕೊಡಗಳು ನೆಲಕ್ಕಿಳಿದ ಸದ್ದು ಕೇಳಿಸಿತು.

ಸಂಜೆ ಹಾಲವ್ವನ ಮನೆಗೆ ಹೋದೆ. ಅವಳು ಗೂಳಪ್ಪನಿಗೆ ಗಂಜಿ ಕುಡಿಸುತ್ತಿದ್ದಳು.

“ನಾವು ನೀರು ಅಳದ್ವಿ, ಹಾಲವ್ವಾ. ಅವರು ಒಯ್ದದ್ದು ನೀರಲ್ಲ,” ಎಂದೆ.

ಚಮಚ ಅವಳ ಕೈಯಲ್ಲೇ ನಿಂತಿತು. “ನಂಗೂ ಹೊಳೀಲಿಲ್ಲಣ್ಣಾ,” ಎಂದಳು.

ನಿಜವಿರಬಹುದು. ಆದರೆ ಹುರಿ ಕೂಡಿಸಿದ ಕೈ ಅವಳದು, ಮಂಚ ಕಂಪನಿಯದು. ಮನೆಗೆ ಬರುವ ದಾರಿಯುದ್ದಕ್ಕೂ ಆ ನಿಂತ ಚಮಚವನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಕಪಟವಿಲ್ಲದ ಆಶ್ಚರ್ಯವೋ, ಸಿಕ್ಕಿಬಿದ್ದವಳ ತಡವರಿಕೆಯೋ ತಿಳಿಯಲಿಲ್ಲ.

ಬಹಳ ಕಾಲ ಕಂಪನಿಯ ಕೂಗಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಕಾವಲಿನವನು ಹೊತ್ತಿಗೆ ಸರಿಯಾಗಿ ಕೂಗುತ್ತಿದ್ದ. ನನಗಿಂತ ದೊಡ್ಡ ಗಂಟಲು ಎಂದು ಮೇಲಿನಕೇರಿಯವರು ಹೊಗಳಿದರು. ನಡುವೆ ಗೋದಾಮಿನ ಸುತ್ತ ಗೋಡೆ ಎದ್ದಿತು. ಹಗ್ಗ ಒಂದು ಕಿಂಡಿಯಲ್ಲಿ ಒಳಗೆ ಹೋಗಿ ಕಾಣದಾಯಿತು. ಒಳಗೆ ಯಂತ್ರವಿದೆ, ಅಪಾಯ ಎಂದರು.

ಆ ಸುಗ್ಗಿಯಲ್ಲಿ ಸೋಮಲಿಂಗನ ಹೊಲದಲ್ಲಿ ಪುಂಡಿ ಆಳೆತ್ತರ ಬೆಳೆದಿತ್ತು. ತನ್ನ ನಾರು ಹಾಳು ಮಾಡಲು ಮನಸ್ಸಾಗದೆ, ಮೇಲಿನಕೇರಿಯ ಹೆಂಗಸರನ್ನು ಕೂಡಿಸಿಕೊಂಡು ಅಗಸೆಯ ಹತ್ತಿರದ ಸವೆತಕ್ಕೆ ತೇಪೆ ಹೊಸೆದ. ಹಾಲವ್ವ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ನೋಡಿ, “ಗಾಣದವನ ಕೈಯಾಗ ಎಣ್ಣಿ ಅಷ್ಟಽ ಅಲ್ಲ, ಹುರೀನೂ ಬರ್ತೈತಿ,” ಎಂದಳು. ಅವಳಿಂದ ಅದು ಬಹಳ ದೊಡ್ಡ ಮಾತು. ತೇಪೆ ಸೇರಿತು. ನೀರು ಬಂತು. ನನ್ನ ಅಂಗೈ ತುಂಬಿ ಸೋರಿತು. ಹಗ್ಗ ಒದ್ದೆಯಾಗಿ ಕಿಂಡಿಯೊಳಗೆ ಹೋಗಿದ್ದನ್ನು ಕಣ್ಣಾರೆ ಕಂಡೆ. ಕೂಗು ಬರಲಿಲ್ಲ.

ಕಾದೆವು. ಬಿಸಿಲು ಏರಿತು. ಪ್ರತಿ ಮನೆಯ ಮುಂದೆ ಗೊಂಡೆಯಿಂದ ನೀರು ತೊಟ್ಟಿಕ್ಕಿ ಮಣ್ಣು ಸೇರುತ್ತಿತ್ತು, ಪಕ್ಕದಲ್ಲಿ ಬರಿಗೊಡ ಹಿಡಿದು ಜನ ನಿಂತಿದ್ದರು. ಒಬ್ಬ ಹೆಂಗಸು ಕೊಡ ಇಳಿಸಲು ಬಗ್ಗಿದಳು. ಅವಳ ಅತ್ತೆ ರಟ್ಟೆ ಹಿಡಿದು ಎತ್ತಿದಳು. “ಕೂಗಿಲ್ಲದ ಇವತ್ತ ಇಟ್ಟಿ ಅಂದ್ರ, ನಾಳೆ ಕೊನೆಕೇರಿಯವರಿಗೆ ಯಾರ್ ಕಾಯ್ತಾರ?” ಎಂದಳು. ಸೊಸೆ ಕೊಡವನ್ನು ಮತ್ತೆ ಕಂಕುಳಿಗೇರಿಸಿದಳು.

ಕಡೆಗೆ ರಾಯರು ಗೋಡೆಯ ಬಾಗಿಲಿಗೆ ಬಂದರು. ಮುಖದಲ್ಲಿ ಅದೇ ವಿನಯ. “ದಯವಿಟ್ಟು ತಪ್ಪು ತಿಳಿಯಬೇಡಿ. ನಮ್ಮ ತುದಿಗೆ ನೀರು ಸರಿಯಾಗಿ ಬಂದಿಲ್ಲ. ಬೇರೆ ಬೇರೆ ನಾರು ಬೆರೆತರೆ ಹೀಗಾಗುತ್ತದೆ. ಒಂದೇ ಬಗೆಯ ನಾರು, ತರಬೇತಾದ ಕೈ, ಇಷ್ಟಿದ್ದರೆ ಎಲ್ಲರಿಗೂ ಕ್ಷೇಮ.”

“ಒಳಗ ಬಿಡ್ರಿ, ನಾವೂ ನೋಡ್ತೀವಿ,” ಎಂದ ಸೋಮಲಿಂಗ.

“ಕೊನೆಮನೆಯವರ ಕೊಡ ಇಣುಕಿ ನೋಡುವ ಪದ್ಧತಿ ನಿಮ್ಮಲ್ಲಿ ಇಲ್ಲವಂತಲ್ಲ,” ಎಂದರು ರಾಯರು. ನಮ್ಮ ಕಟ್ಟಳೆಯನ್ನು ನಮಗಿಂತ ಚೆನ್ನಾಗಿ ಕಲಿತಿದ್ದರು.

ಸೋಮಲಿಂಗ ತನ್ನ ತೇಪೆಯನ್ನು ತಾನೇ ಬಿಚ್ಚಿದ. ಬಿಚ್ಚಲು ಬಹಳ ಹೊತ್ತು ಹಿಡಿಯಿತು, ಅಷ್ಟು ಗಟ್ಟಿಯಾಗಿತ್ತು. ಕಾರ್ಖಾನೆಯ ಇಬ್ಬರು ಚಪ್ಪರದಲ್ಲಿ ಕೂತು ಅವಸರದಲ್ಲಿ ಬೇರೊಂದು ಹೊಸೆದು ತಂದರು. ಹಾಲವ್ವನ ಕೈಗೆ ಕೊಡಲೇ ಇಲ್ಲ, ತಮ್ಮತಮ್ಮಲ್ಲೇ ಎಳೆದು ನೋಡಿ ಸೇರಿಸಿದರು. ನಾನು ಮತ್ತೆ ಅಂಗೈ ಒಡ್ಡಿ ನಿಂತೆ. ಕೂಗುವ ಹಕ್ಕು ಹೋಗಿದ್ದರೂ ಕೈ ಒಡ್ಡುವ ರೂಢಿ ಹೋಗಿರಲಿಲ್ಲ. ಗೊಂಡೆ ಒಣಗಿತ್ತು. ಎಳೆ ಹಿಡಿದು ಹಿಂಡಿದೆ, ಪುಡಿ ಉದುರಿತು. ಮೇಲಿನ ಹಗ್ಗ ಬೂದಿಬಣ್ಣದಲ್ಲೇ ಇತ್ತು. ಆಗಲೇ ಗೋಡೆಯೊಳಗಿನಿಂದ ಕೂಗು ಬಂತು, “ಬಂತು.”

ನಾನು ದಾಟಿಸಲಿಲ್ಲ. ಆದರೆ ಕಾವಲಿನವನ ಗಂಟಲು ದೊಡ್ಡದು, ನೆರೆಮನೆಗೆ ನೇರವಾಗಿ ಕೇಳಿಸಿತು. ಕೂಗು ಬೀದಿ ಏರಿತು, ಬೆಳಗಿನಿಂದ ಬಾಯಾರಿದ ಕೊಡಗಳು ಇಳಿದವು, ಇದ್ದಷ್ಟು ನೀರನ್ನು ಎಳೆದುಕೊಂಡವು. ಕೊನೆಕೇರಿಗೆ ಅಂದು ನೀರು ಬರಲಿಲ್ಲ. ಮರುದಿನವೂ ಇಲ್ಲ. ಕಾಶವ್ವ ಮೇಲಿನಕೇರಿಗೆ ಹೋಗಿ ಕೊಡ ನೀರು ಕೇಳಿ ತಂದಳು. ಮದುವೆಯಾಗಿ ಬಂದಾಗಿನಿಂದ ಅವಳು ನೀರಿಗೆ ಬೇರೆಯವರ ಬಾಗಿಲು ಬಡಿದದ್ದು ಅದೇ ಮೊದಲು. ಜಗಲಿಯ ಮುಂದೆ ಕೂತು, ಬೇಡಿ ತಂದ ನೀರಿನಲ್ಲಿ ಲಿಂಗ ತೊಳೆದೆ. ಶಿವನಿಗೆ ಅದರಲ್ಲಿ ವ್ಯತ್ಯಾಸವಿರಲಾರದು, ನನಗಿತ್ತು.

ಒಣ ಹಗ್ಗಕ್ಕೆ ಕೂಗು ಬಂತೆಂದು ಹೇಳಿದರೆ ಊರಿನಲ್ಲಿ ಅರ್ಧ ಮಂದಿ ನಂಬಿದರು. ಉಳಿದವರು ಕಣ್ಣು ಕಿರಿದು ಮಾಡಿದರು. ಸೋಮಲಿಂಗನೇ, ತನ್ನ ತೇಪೆ ಬಿಚ್ಚಿದ ಸಿಟ್ಟು ಆರದಿದ್ದರೂ, ನನ್ನ ಮುಖ ನೋಡಿ ಅಂದ, “ಮಾವಾ, ಸಿಟ್ಟಾಗಬ್ಯಾಡ. ಕೂಗು ಕೈತಪ್ಪಿದ ಹೊಟ್ಟಿಉರಿ ನಿನಗ ಇಲ್ಲ ಅಂತ ನಾ ಹೆಂಗ್ ನಂಬ್ಲಿ? ಒಣಗಿತ್ತು ಅಂತ ನೀ ಒಬ್ಬನಽ ಹೇಳೂದು. ನೋಡಿದವರು ಯಾರು?”

ಕೊನೆಮನೆಯವನ ಮಾತಿಗೆ ಸಾಕ್ಷಿ ಬೇಕಾದದ್ದು ನಮ್ಮೂರಿನಲ್ಲಿ ಅದೇ ಮೊದಲು.

ಹಾಲವ್ವನಿಗೂ ಹೇಳಿದೆ. ಅವಳು ಅಗಸೆಗೆ ಹೋಗಿ ಆ ಹೊಸ ತೇಪೆಯ ಮೇಲೆ ಹೆಬ್ಬೆರಳು ಒತ್ತಿ, ಒಂದು ಎಳೆ ಸರಿಸಿ ಒಳಗೆ ನೋಡಿದಳು. “ಮ್ಯಾಲ ಚಂದ ಐತಿ. ಒಳಗ ಪೊಳ್ಳು,” ಎಂದು ಮನೆಗೆ ನಡೆದಳು. ಸಂಬಳದವಳು, ಇನ್ನೇನು ಮಾಡಿಯಾಳು ಎಂದುಕೊಂಡೆ.

ಮರುದಿನ ಬೆಳಗ್ಗೆ ನನ್ನ ಮನೆಯ ಕಟ್ಟೆಯ ಮೇಲೆ ನಾರಿನ ಹೊರೆ ಬಿದ್ದ ಸದ್ದಾಯಿತು. ಹಾಲವ್ವ ಕಾಲು ಚಾಚಿ ಕೂತಿದ್ದಳು. ಅಗಸೆಯ ಪೊಳ್ಳು ತೇಪೆಯನ್ನು ನಸುಕಿನಲ್ಲೇ ಬಿಚ್ಚಿ, ಸೋಮಲಿಂಗ ಬಿಚ್ಚಿಟ್ಟಿದ್ದ ತೇಪೆಯನ್ನು ಅಲ್ಲಿ ಮತ್ತೆ ಕೂಡಿಸಿ ಬಂದಿದ್ದಳು.

“ಇಲ್ಲೇನ್ ಮಾಡ್ತೀ?” ಎಂದೆ.

“ನಿನ್ನ ಗೊಂಡೆಯಿಂದ ಒಂದು ಕವಲು ತೆಗೀತೀನಿ.”

“ಯಾರ ಮನೀಗೆ?”

“ನಿನ್ನ ಮನೀಗೇ. ಹಿತ್ತಲ ಬಾಗಿಲಿಗೆ.”

ನನಗೆ ತಿಳಿಯಲಿಲ್ಲ. ಅವಳು ನಾರು ಹೊಸೆಯುತ್ತಲೇ ಹೇಳಿದಳು. ಕೊನೆಮನೆ ಎಂದರೆ ದೂರದ ಮನೆ ಎಂದು ಯಾರೂ ಹೇಳಿಲ್ಲ, ನೀರು ಕಡೆಗೆ ಮುಟ್ಟುವ ಮನೆ. ಹಗ್ಗವನ್ನು ಮನೆಯ ಸುತ್ತ, ಹಿತ್ತಲಿನ ಸುತ್ತ, ಹುಣಸೆಮರದ ಸುತ್ತ ಸುತ್ತಿ ಸುತ್ತಿ ತಂದರೆ, ಗೋಡೆಯೊಳಗೆ ನೀರು ಮುಟ್ಟಿ ಎಷ್ಟೋ ಹೊತ್ತಿನ ಮೇಲೆ ನನ್ನ ಹಿತ್ತಲಿಗೆ ಮುಟ್ಟುತ್ತದೆ. “ಮುಂಬಾಗಿಲದಾಗ ನೀ ಅವರಿಗಿಂತ ಮೊದಲು. ಹಿಂಬಾಗಿಲದಾಗ ಅವರಿಗಿಂತ ಕಡೀಗೆ. ಬಾ, ತುದಿ ಹಿಡಿ. ಹೊಸೆಯಾಕ ಬರ್ದಿದ್ರೂ ಹಿಡಿಯಾಕ ಬರ್ತೈತಲ್ಲ.”

ಹಿಡಿದೆ. ಹಾಲವ್ವ ನನ್ನ ಕಟ್ಟೆಯ ಮೇಲೆ ಕೂತಿದ್ದಾಳೆ ಎಂಬ ಸುದ್ದಿ ಬಿಸಿಲೇರುವ ಮೊದಲೇ ಮೇಲಿನಕೇರಿ ಮುಟ್ಟಿತು. ಸುಮ್ಮನೆ ನೋಡಲು ಬಂದವರ ಕೈಗೆ ಅವಳು ಎಳೆ ಕೊಟ್ಟಳು. ಅಲ್ಲಿ ಚಪ್ಪರವಿರಲಿಲ್ಲ, ಸಂಬಳವೂ ಇರಲಿಲ್ಲ, ಬೈಗುಳ ಮಾತ್ರ ಧಾರಾಳವಾಗಿತ್ತು. “ಏ, ಎಡಕ್ಕ ಹೊಸಿ. ಇಷ್ಟು ದಿನ ಮನ್ಯಾಗ ಕೂತು ಎಡ ಯಾವ್ದು ಅನ್ನೂದೂ ಮರತಿ.” ಸೋಮಲಿಂಗ ಹೊಲದ ನಾರನ್ನೆಲ್ಲ ಬಂಡಿಯಲ್ಲಿ ಹೇರಿಕೊಂಡು ಬಂದ. ಅವನು ನನ್ನ ಕಡೆ ನೋಡಲಿಲ್ಲ, ಹಾಲವ್ವನ ಕಡೆಯೂ ನೋಡಲಿಲ್ಲ. ತನ್ನ ಹುರಿಯನ್ನೇ ನೋಡುತ್ತ ಹೊಸೆದ. ಹಗ್ಗ ನನ್ನ ಮನೆಯನ್ನು ಸುತ್ತಿ ಸುತ್ತಿ ಬೆಳೆಯಿತು. ಕಾಶವ್ವ ದಾಟಿ ಹೋಗುವಾಗಲೆಲ್ಲ ಸೀರೆ ಎತ್ತಿ, “ಮನಿಗೆ ಕಂಕಣ ಕಟ್ಟಿದಂಗಾತು,” ಎಂದು ಗೊಣಗಿದಳು.

ರಾಯರು ಬಂದರು. ನನ್ನ ಮೆಟ್ಟಿಲ ಬುಡದಲ್ಲೂ ಚಪ್ಪಲಿ ಬಿಟ್ಟರು. “ಹಾಲವ್ವನವರೇ, ಇದು ಸರಿಯೇ? ನೀವು ನಮ್ಮವರು.”

“ಸಂಬಳ ನಿಮ್ಮದು ತಿಂದೀನ್ರೀ. ಅದಕ್ಕ ನಿಮ್ಮ ನಾರಿನಾಗ ಒಂದು ಎಳೀನೂ ಸಡ್ಲ ಬಿಟ್ಟಿಲ್ಲ. ಕೊನೀ ಮನಿ ಯಾವ್ದು ಅನ್ನೂದು ಆ ಸಂಬಳದಾಗ ಸೇರಿತ್ತು ಅಂತ ಆವತ್ತ ನೀವು ಹೇಳ್ಲಿಲ್ಲ, ನಾ ಕೇಳ್ಲಿಲ್ಲ. ಈಗ ಕೇಳಾಕತ್ತೀನಿ. ಸೇರಿತ್ತೇನ್ರೀ?”

ರಾಯರು ಹಗ್ಗದ ಸುತ್ತುಗಳನ್ನು ಒಮ್ಮೆ ನಿಧಾನವಾಗಿ ನೋಡಿದರು. “ನಾವೂ ಉದ್ದ ಮಾಡಬಹುದಲ್ಲ,” ಎಂದರು.

“ಮಾಡ್ರಿ. ಹೊಸೆಯಾಕ ಇಲ್ಲಿ ಯಾರಿಗೂ ಅಡ್ಡಿ ಇಲ್ಲ.”

ಅವರು ಕೈಮುಗಿದು, ಚಪ್ಪಲಿ ಮೆಟ್ಟಿಕೊಂಡು ಹೋದರು. ಆ ತಿಂಗಳಿನಿಂದ ಹಾಲವ್ವನ ಸಂಬಳ ನಿಂತಿತು. ಗೂಳಪ್ಪನ ಔಷಧಕ್ಕೆ ಏನು ಮಾಡುತ್ತೀ ಎಂದರೆ, “ಬಿದ್ದ ವಾರ ರೊಟ್ಟಿ ತಂದವರ ಮನೀ ನಂಗ್ ಗೊತ್ತೈತಿ. ಈ ಸಲ ನಾನಽ ಹೋಗಿ ಕೇಳ್ತೀನಿ,” ಎಂದಳು. ಕೇಳಿದಳು ಕೂಡ. ಕೊಟ್ಟವರು ಕೊಟ್ಟರು, ಬಾಗಿಲು ಹಾಕಿಕೊಂಡವರು ಹಾಕಿಕೊಂಡರು.

ಕವಲು ಸೇರಿದ ದಿನ ನಾನು ಹಿತ್ತಲ ಬಾಗಿಲಲ್ಲಿ ಕೊಡ ಹಿಡಿದು ನಿಂತೆ. ಅಲ್ಲಿಂದ ಬೀದಿ ಕಾಣುವುದಿಲ್ಲ, ಗೋಡೆ ಕಾಣುತ್ತದೆ. ಅಂಗೈ ಒಡ್ಡಿದೆ. ಬಹಳ ಹೊತ್ತಿನ ಮೇಲೆ ಗೋಡೆಯೊಳಗಿನಿಂದ ಕಾವಲಿನವನ ದೊಡ್ಡ ಗಂಟಲು ಎದ್ದಿತು. “ಬಂತು.” ನೆರೆಮನೆಯಿಂದ ಅದಕ್ಕೆ ಮರುಕೂಗು ಬರಲಿಲ್ಲ. ಅವನು ಮತ್ತೊಮ್ಮೆ ಕೂಗಿದ. ಊರು ಬಾಯಿ ಬಿಗಿಹಿಡಿದು ನಿಂತಿತ್ತು. ಇಡೀ ಬೀದಿಯಲ್ಲಿ ಒಂದು ಕೊಡವೂ ನೆಲ ಮುಟ್ಟಿದ ಸದ್ದಾಗಲಿಲ್ಲ. ನನ್ನ ಮನೆಯ ಸುತ್ತ ಹಗ್ಗ ಒಂದೊಂದೇ ಸುತ್ತು ಕಪ್ಪಾಗುತ್ತ ಬರುತ್ತಿತ್ತು, ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕುವವರ ಹಾಗೆ.

ಹನಿ ಬಿತ್ತು. ತಣ್ಣಗಿತ್ತು. ಕೊಡದ ತಳ ಮುಚ್ಚಿತು. ಶಿವನನ್ನು ನೆನೆದು ಬಾಯಿ ತೆರೆದೆ.

“ತಡಿ, ಮಾವಾ,” ಎಂದಿತು ಒಂದು ದನಿ.

ತಿರುಗಿದರೆ ಹಿತ್ತಲ ಬೇಲಿಯ ಬಳಿ ಸೋಮಲಿಂಗ ನಿಂತಿದ್ದ. ಅವನ ಹಿಂದೆ ಮೇಲಿನಕೇರಿಯ ಹೆಂಗಸರು, ಅವರ ಹಿಂದೆ ನಡುಕೇರಿಯವರು. ಕಂಕುಳಲ್ಲಿ ಬರಿಗೊಡ, ಕಣ್ಣೆಲ್ಲ ನನ್ನ ಕೊಡದ ಮೇಲೆ. ಸೋಮಲಿಂಗ ಹತ್ತಿರ ಬಂದು, ಬಗ್ಗಿ, ಕೊಡದೊಳಗೆ ಇಣುಕಿದ. ನನ್ನಪ್ಪನ ಕೊಡವನ್ನು, ಅಜ್ಜನ ಕೊಡವನ್ನು ಯಾರೂ ಹಾಗೆ ನೋಡಿರಲಿಲ್ಲ. ಕೊಡ ಹಿಂದಕ್ಕೆ ಎಳೆದುಕೊಳ್ಳಬೇಕೆನಿಸಿತು. ಹಾಲವ್ವ ಬೇಲಿಗೆ ಒರಗಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು, ಒಂದು ಕಾಲದಲ್ಲಿ ನಾನು ಅವಳ ಕೈಗಳನ್ನು ನೋಡಿದ ಹಾಗೆ.

“ನೋಡ್ಲಿ ಬಿಡಣ್ಣಾ,” ಎಂದಳು.

ಕೊಡವನ್ನು ಅವನ ಕಡೆ ವಾಲಿಸಿದೆ. ಅವನು ಬೆರಳು ಅದ್ದಿ, ಎತ್ತಿ, ಬೆಳಕಿಗೆ ಹಿಡಿದು, ಒದ್ದೆಯಾಗಿದೆಯೇ ಎಂದು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಗಾಣದ ಎಣ್ಣೆ ನೋಡುವ ಹಾಗೆ. ಮತ್ತೆ, ತನಗೇ ಗೊತ್ತಿಲ್ಲದೆ, ಆ ಬೆರಳನ್ನು ಕಣ್ಣಿಗೊತ್ತಿಕೊಂಡ.

“ಈಗ ಹೇಳು,” ಎಂದ.

“ಬಂತು,” ಎಂದೆ. ದನಿ ಸಣ್ಣಗಿತ್ತು. ಅವನು ದೊಡ್ಡದಾಗಿ ಕೂಗಿದ, ಹೆಂಗಸರು ಕೂಗಿದರು, ಕೂಗು ಬೀದಿ ಹಿಡಿದು ಅಗಸೆಗೆ ಹೋಯಿತು.

ಈಗ ತೇಪೆ ಸೇರಿದ ದಿನವೆಲ್ಲ ಯಾವುದಾದರೊಂದು ಕೇರಿಯಿಂದ ಒಬ್ಬರು ಬಂದು ನನ್ನ ಕೊಡ ಇಣುಕಿ ನೋಡುತ್ತಾರೆ. ಅವರು ಕೂರಲೆಂದು ಕಾಶವ್ವ ಹಿತ್ತಲಲ್ಲಿ ಒಂದು ಚಾಪೆ ಹಾಸುತ್ತಾಳೆ. ಮೊದಲ ತಂಬಿಗೆ ಜಗಲಿಗೆ ಒಯ್ಯುವಾಗ ಅವರ ಕಣ್ಣು ನನ್ನ ಬೆನ್ನಿನ ಮೇಲಿರುವುದು ಗೊತ್ತಾಗುತ್ತದೆ. ಅದನ್ನೂ ಶಿವನ ಮುಂದೆ ಇಡುತ್ತೇನೆ. ಗೋಡೆಯೊಳಗಿನಿಂದ ಆ ದಿನಗಳಲ್ಲಿ ಯಾವ ಕೂಗೂ ಇಲ್ಲ. ಆದರೆ ಮಧ್ಯಾಹ್ನ ಊರು ಮಲಗಿದ ಹೊತ್ತಿನಲ್ಲಿ ಕಿವಿಗೊಟ್ಟರೆ, ಒಳಗೆ ಯಾರೋ ನಾರು ಬಡಿಯುತ್ತಿರುವ ಸದ್ದು ಕೇಳಿಸುತ್ತದೆ, ಬಿಡುವಿಲ್ಲದೆ. ಹಾಲವ್ವನೂ ಕೇಳಿಸಿಕೊಂಡಿದ್ದಾಳೆ. ಅವಳು ನಮ್ಮ ಕಟ್ಟೆಯ ಮೇಲೆ ಇನ್ನೊಂದು ಹೊರೆ ನಾರು ತಂದು ಹಾಕಿದ್ದಾಳೆ.